ಕೈ ಅಂದಾಜು ಅನ್ನೋದು ಕಸುಬಲ್ಲ

1/5
ಮೊದಲನೇ ಫೋಟೊದಾಗ ಇರೋದು ಹೋಂಡಾ ಸಿಟಿ ವಿಟೆಕ್ ಗಾಡಿಯ ಸಿಲಿಂಡರ್ ಹೆಡ್. 1.5 ಲೀಟರ್, 106 ಹಾರ್ಸ್‌ಪವರ್. ಹಳೇ ಗಾಡಿ ಖರೆ, ಆದ್ರ ಸ್ಪೀಡಿನ ಹುಚ್ಚಿರೋ ಹುಡುಗರು ಇವತ್ತಿಗೂ ಹುಡುಕಿ ತಗೊಳ್ಳೋ ಗಾಡಿ. ನಮ್ಮ ಮಾವನ ಮಗನದು. ಬಿಚ್ಚಿದ್ದು ಮೋಟೆಬೆನ್ನೂರಾಗ, ನಮ್ಮ ಹಿತ್ತಲದಾಗ, ಬೇವಿನ ಗಿಡದ ಕೆಳಗ. ಇದು ಎರಡನೇ ಸಲ. ಮೊದಲನೇ ಸಲ ಗ್ಯಾಸ್ಕೆಟ್ ಹಾಕಿ ಕೂಡಿಸಿದಾವ ನಾನ, ಕೆಡಿಸಿದಾವನೂ ನಾನ.

ಆವಾಗ ಟಾರ್ಕ್ ರೆಂಚ್ ಇರಲಿಲ್ಲ. ‘ಕೈಗೆ ಗೊತ್ತಾಗ್ತೈತಿ ಬಿಡೊ’ ಅಂದಿದ್ದೆ. ಹದಿನೇಳು ದಿನ ಓಡ್ತು. ಅತ್ತಿನ್ನ ದಾವಣಗೆರೆ ಆಸ್ಪತ್ರೆಗೆ ಕರಕೊಂಡು ಹೊಂಟಾಗ ಚಳಗೇರಿ ಟೋಲ್ ಹತ್ರ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋತು, ಬಾನೆಟ್ ಸಂದಿಯಿಂದ ಹಬೆ. ಅತ್ತಿ ಬಿಸಿಲಾಗ ನಿಂತು ಬಸ್ಸಿಗೆ ಕೈ ಮಾಡಿದ್ರು. ನನಗ ಯಾರೂ ಬೈಲಿಲ್ಲ. ಅದಕ್ಕ ಬರೀತಿದ್ದೀನಿ.

2/5
ಇಬ್ಬರ ಮ್ಯಾಲೆ ನನ್ನ ತಕರಾರು.

ಒಬ್ರು, ‘ಇಂಜಿನ್ ಮನ್ಯಾಗ ಬಿಚ್ಚಬಾರದು, ಶೋರೂಮಿಗೇ ಕೊಡು’ ಅನ್ನೋರು. ಒಪ್ಪಂಗಿಲ್ರಿ. ನಮ್ಮ ಕಡೆ ಟ್ರ್ಯಾಕ್ಟರ್ ಹೆಡ್ ಹೊಲದ ಬದುವಿನ ಮ್ಯಾಲೆನೂ ಇಳಿತೈತಿ. ಮೆಣಸಿನಕಾಯಿ ಸೀಸನ್ ಯಾರಿಗೂ ಕಾಯಂಗಿಲ್ಲ. ರಾಣೆಬೆನ್ನೂರು ದಾಟಿದ್ರ ಹರಿಹರ. 1941ರಾಗ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲೇ ಲೇತ್ ಮಷಿನ್ ಮಾಡ್ತಿತ್ತು. ಅಳೆದು ಕಬ್ಬಿಣ ಕೆತ್ತೋದು ಈ ಸೀಮೆಗೆ ಹೊಸದಲ್ಲ.

ಇನ್ನೊಬ್ರು, ರೀಲ್ಸ್‌ನೋರು. ‘ಒಂದೇ ದಿನದಾಗ ಹೆಡ್ ಚೇಂಜ್, ಟೂಲ್ ಬ್ಯಾಡ, ದಮ್ ಸಾಕು.’ ದೋಸ್ತ, ದಮ್ಮಿಗೆ ಯೂನಿಟ್ ಇಲ್ಲ. ಟಾರ್ಕಿಗೆ ಐತಿ, ನ್ಯೂಟನ್ ಮೀಟರ್. ಇವತ್ತು ನನ್ನ ಸಿಟ್ಟು ಜಾಸ್ತಿ ನಿಮ್ಮ ಮ್ಯಾಲೆನ. ಯಾಕಂದ್ರ ನಾನೂ ನಿಮ್ಮಾವನ ಆಗಿದ್ದೆ.

3/5
ಕೈಗೆ ಯಾಕ ಗೊತ್ತಾಗಂಗಿಲ್ಲ? ಬೋಲ್ಟ್ ಬಿಗಿ ಮಾಡೋವಾಗ ನೀವು ಹಾಕೋ ಬಲದಾಗ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನ ಎಳೆದು ಹೆಡ್ ಒತ್ತೋಕೆ ಹೋಗ್ತೈತಿ. ಉಳಿದ ಒಂಬತ್ತು ಪಾಲು ಬೋಲ್ಟ್ ತಲೆ ಕೆಳಗ, ಥ್ರೆಡ್ಡಿನಾಗ ತಿಕ್ಕಾಟಕ್ಕ ಹೋತು. ಒಂದು ಥ್ರೆಡ್ಡಿನಾಗ ತುಕ್ಕು, ಇನ್ನೊಂದರಾಗ ಎಣ್ಣಿ ಇದ್ರ, ಕೈಗೆ ಎರಡೂ ಒಂದೇ ಬಿಗಿ ಅನಿಸ್ತಾವು. ಒಳಗ ಒಂದು ಸಡಿಲ, ಒಂದು ಅತಿ.

ಬರೀ ಟಾರ್ಕ್ ರೆಂಚ್ ಇದ್ರೂ ಸಾಲಂಗಿಲ್ಲ ಅಂತ ಇದರ ಅರ್ಥ. ಥ್ರೆಡ್ ತೊಳೀಬೇಕು. ಬೋಲ್ಟಿನ ತೂತಿನಾಗ ಎಣ್ಣಿ, ನೀರು ನಿಂತಿರಬಾರದು. ನಿಂತಿದ್ರ ಬೋಲ್ಟ್ ಇಳಿದಂಗ ಅದು ಒತ್ತಿ ಬ್ಲಾಕ್ ಸೀಳಬಹುದು. ನಡುವಿನ ಬೋಲ್ಟಿನಿಂದ ಹೊರಗ, ಮ್ಯಾನುವಲ್ ಹೇಳಿದ ಕ್ರಮದಾಗ, ಹಂತ ಹಂತವಾಗಿ. ಬಿಚ್ಚೋವಾಗ ಅದರ ಉಲ್ಟಾ, ಅದೂ ಇಂಜಿನ್ ಪೂರಾ ತಣ್ಣಗಾದ ಮ್ಯಾಲೆ. ನಾನು ಮೊದಲನೇ ಸಲ ಇದರಾಗ ಒಂದೂ ಮಾಡಿರಲಿಲ್ಲ.

4/5
ನಾಲ್ಕನೇ ಫೋಟೊ ನೋಡ್ರಿ. ಹೆಡ್ ಮ್ಯಾಲೆ ಸ್ಟ್ರೇಟ್ ಎಡ್ಜ್, ಕೆಳಗ ಫೀಲರ್ ಗೇಜ್. ಬಹಳಷ್ಟು ಅಲ್ಯೂಮಿನಿಯಂ ಹೆಡ್ಡಿಗೆ 0.05 ಮಿಮೀ ದಾಟಿ ಡೊಂಕು ಇದ್ರ ಫೇಸಿಂಗ್ ಮಾಡಿಸಬೇಕು. ನೋಟ್‌ಬುಕ್ ಹಾಳಿಯ ಅರ್ಧ ದಪ್ಪ ಅದು, ಕಣ್ಣಿಗೆ ಕಾಣಂಗಿಲ್ಲ. ಅಲ್ಯೂಮಿನಿಯಂ ಕಾದ್ರ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ತೈತಿ. ಕೂಲಂಟ್ ಖಾಲಿಯಾಗಿ ಒಂದು ಕಡೆ ಜಾಸ್ತಿ ಕಾದ್ರ, ಬೋಲ್ಟ್ ಬಿಡಂಗಿಲ್ಲ, ಹೆಡ್ ಬಾಗ್ತೈತಿ. ನಮ್ಮದು ಬಾಗಿದ್ದಷ್ಟೇ ಅಲ್ಲ, ವಾಲ್ವ್ ನಡುವ ಸೀಳೂ ಬಿಟ್ಟಿತ್ತು. ಬ್ಯಾರೆ ಸೆಕೆಂಡ್‌ಹ್ಯಾಂಡ್ ಹೆಡ್ ತಂದ್ವಿ. ಅದನ್ನೂ ಅಳೆದ್ವಿ.

‘ಇನ್ನೊಂಚೂರು ಕೆತ್ತಿಸು, ಪಿಕಪ್ ಬರ್ತೈತಿ’ ಅನ್ನೋರಿಗೆ ಒಂದು ಲೆಕ್ಕ. 375 ಸಿಸಿಯ ಒಂದು ಸಿಲಿಂಡರ್, ಕಂಪ್ರೆಶನ್ 9.4 ಅಂತ ಇಟ್ಟುಕೊಳ್ರಿ. ಪಿಸ್ಟನ್ ಮ್ಯಾಲೆ ಬಂದಾಗ ಉಳಿಯೋ ಜಾಗ ಸುಮಾರು 44.6 ಸಿಸಿ. ಅರ್ಧ ಮಿಮೀ ಕೆತ್ತಿದ್ರ ಅದರಾಗ ಎರಡು ಸಿಸಿ ಹೋತು, ಕಂಪ್ರೆಶನ್ 9.8 ಆತು. ಇದನ್ನ ಲೆಕ್ಕ ಹಾಕಿ ಮಾಡಿದ್ರ ಟ್ಯೂನಿಂಗ್. ಲೆಕ್ಕ ಇಲ್ದ ಮಾಡಿದ್ರ ನಾಕಿಂಗ್.

5/5
‘ನಾವು ಹಳ್ಳಿ ಹುಡುಗರು, ರೊಕ್ಕ ಎಲ್ಲಿಂದ ತರೋದು?’ ಅಂತ ಕೇಳ್ತೀರಿ. ನ್ಯಾಯದ ಪ್ರಶ್ನೆ. ನಾವು ಐದು ಮಂದಿ ಕೂಡಿ ಒಂದು ಟಾರ್ಕ್ ರೆಂಚ್ ತಗೊಂಡೀವಿ, ಸರತಿ ಮ್ಯಾಲೆ ಬಳಸ್ತೀವಿ. ಕ್ರಿಕೆಟ್ ಕಿಟ್ಟಿಗೆ ಪಟ್ಟಿ ಎತ್ತೋರಿಗೆ ಇದು ಕಷ್ಟ ಅಲ್ಲ. ನಾನು ಓದೋದು ಬಿಕಾಂ, ಲೆಕ್ಕ ನೇರ ಹೇಳ್ತೀನಿ: ಮೊದಲನೇ ಸಲ ಉಳಿಸಿದ್ದು ಒಂದು ರೆಂಚಿನ ರೊಕ್ಕ, ಕಳಕೊಂಡದ್ದು ಒಂದು ಹೆಡ್, ಮತ್ತ ಒಬ್ಬರ ನಂಬಿಕಿ.

ಮನ್ಯಾಗ ಬಿಚ್ರಿ. ಅಂಜಬ್ಯಾಡ್ರಿ. ಆದ್ರ ರೀಲ್ ಹಾಕೋವಾಗ ಫೀಲರ್ ಗೇಜಿನ ಫೋಟೊ, ಟಾರ್ಕಿನ ಅಂಕಿ ಎರಡೂ ತೋರಿಸ್ರಿ. ತೋರಿಸೋಕೆ ಇಲ್ಲಾಂದ್ರ, ಅದನ್ನ ನೋಡಿ ಇನ್ನೊಬ್ಬ ಹುಡುಗ ತನ್ನ ಮನಿಯವರನ್ನ ಅಂಥಾ ಗಾಡಿಯಾಗ ಕೂಡಿಸ್ತಾನ ಅನ್ನೋದು ನೆನಪಿರಲಿ.

ಗಾಡಿ ಈಗ ಓಡ್ತೈತಿ, ಮುಳ್ಳು ನಡುವ ನಿಂತೈತಿ. ಅತ್ತಿ ಮಾತ್ರ ಇನ್ನೂ ಹತ್ತಿಲ್ಲ. ಹತ್ತು ಅಂತ ನಾನೂ ಕೇಳಿಲ್ಲ.

#ಮೋಟೆಬೆನ್ನೂರು #ಬ್ಯಾಡಗಿ #ಹಿತ್ತಲಗ್ಯಾರೇಜ್ #ಅಳೆದುಬಿಗಿಮಾಡ್ರಿ