ನಂದಿನಿ ಯಾರ ಹೆಸರ್ರೀ?

ನಮ್ಮ ಮನ್ಯಾಗ ಹಾಲು ಅಂದ್ರ ನಂದಿನಿನೇ. ಬೆಂಗಳೂರಾಗ ನಂದಿನಿ ಡಿಲಕ್ಸ್ ಅಂತ ಹೋಟೆಲೂ ಅವ. ಹಾಲಿನ ಕೆಎಂಎಫ್‌ನವ್ರು ಈ ಹೆಸರು ಇಟ್ಟಿದ್ದು 1985ರಾಗ, ಹೋಟೆಲಿನವ್ರು 1989ರಾಗ. ನಮ್ಮ ಹೆಸರು ನಿಮಗ್ಯಾಕ ಅಂತ ಜಗಳ ಸುಪ್ರೀಂ ಕೋರ್ಟ್ ತನಾ ಹೋಯ್ತು. 2018ರ ಜುಲೈದಾಗ ಹೋಟೆಲಿನವ್ರೇ ಗೆದ್ರು. ನಂದಿನಿ ಅಂದ್ರ ದೇವಿ ಹೆಸರು, ಆಕಳ ಹೆಸರು. ಇಂಗ್ಲಿಷಿನ್ಯಾಗ ಹೋಟೆಲಿಗಿ ಒಂದು ‘ಎಚ್’ ಹೆಚ್ಚಿಗಿ ಅದ, ಚಿತ್ರ ದೀಪದ್ದು, ಆಕಳದ್ದಲ್ಲ ಅಂದ್ರು. ಹಾಲಿನ ಪದಾರ್ಥಕ್ಕ ಮಾತ್ರ ಹೋಟೆಲಿನವ್ರಿಗಿ ಆ ಹೆಸರು ಸಿಗಲಿಲ್ಲ.

ಖರೇನ ಅದ. ಬಿರಿಯಾನಿ ತಿನ್ಲಾಕ ಹೋದವ್ರು ಹಾಲಿನ ಡೇರಿಗಿ ಬಂದೀನಿ ಅನ್ಕೊಳ್ಳಂಗಿಲ್ಲ.

ಆದ್ರ ‘ಎಚ್’ ನೋಡಿ ಗುರ್ತು ಹಿಡಿಯೋದು ಓದಿದವ್ರ ಮಾತು. (ಬಾಯಿಲೆ ಕರದ್ರ ಎರಡೂ ಒಂದ!) ನಮ್ಮ ಅತ್ತಿಯವ್ರು ಶಹಾಪುರದ ಅಂಗಡ್ಯಾಗ “ನೀಲಿ ಪಾಕೀಟ ಕೊಡೋ ತಮ್ಮಾ” ಅಂತಾರ. ಬಣ್ಣನೇ ಅವ್ರಿಗಿ ಅಕ್ಷರ. ಹೋದ ವರ್ಷ ಚಾಪುಡಿ ತಂದ್ರು. ಅದೇ ಕೆಂಪು, ಅದೇ ಎಲಿ ಚಿತ್ರ, ಹೆಸರಿನ್ಯಾಗ ಒಂದು ಅಕ್ಷರ ಬ್ಯಾರೆ. ಕುದಿಸಿದ್ರ ಬರೇ ಬಣ್ಣ, ರುಚಿ ಇಲ್ಲ. ಕೇಳಿದ್ರ ಅಂಗಡಿಯವ, “ನೀನೇ ಕೈಮಾಡಿ ತೋರ್ಸಿದ್ದಿ ಅಲ್ಲೇನವ್ವ” ಅಂದ. ಅತ್ತಿ ತಮ್ಮ ಕಣ್ಣಿಗೇ ಬೈಕೊಂಡ್ರು. ನನಗ ಭಾಳ ಕೆಟ್ಟ ಅನಿಸ್ತು.

ತನ್ನ ಮಾಲು ಇನ್ನೊಬ್ಬರದಂತ ದಾಟಸೋದಕ್ಕ ಕಾಯ್ದೆದಾಗ ‘ಪಾಸಿಂಗ್ ಆಫ್’ ಅಂತಾರ. ಆ ದಾವೆ ಹಾಕೋದು ಕಂಪನಿ, ಲುಕ್ಸಾನೂ ಕಂಪನಿದೇ ಅಂತ ಲೆಕ್ಕ. ಅತ್ತಿಯವ್ರು ಆ ಲೆಕ್ಕದಾಗ ಇಲ್ಲ. ಹೋಟೆಲಿನ ಕೂಡ ಬಡದಾಡೋ ದೊಡ್ಡವ್ರು ನಮ್ಮ ಸುರಪುರ ಸಂತಿಗೂ ಒಮ್ಮೆ ಬಂದು ನೋಡ್ಲಿ.

ಈಗ ಅತ್ತಿ ಹಳೇ ಖಾಲಿ ಪಾಕೀಟ ಮಡಚಿ ಚೀಲದಾಗ ಒಯ್ತಾರ. ಅಂಗಡ್ಯಾಗ ಎರಡೂ ಬಾಜೂಕ ಹಿಡದು ನೋಡಿನೇ ರೊಕ್ಕ ಕೊಡ್ತಾರ.