ಅರಿಸಿನದ ಪರ ಸಾಕ್ಷಿ ನುಡಿದ ಕಾಗದ

ಕವಲಾಪುರ ಅಂದಕೂಡಲೇ ನಮ್ಮ ಸಾಂಗ್ಲಿ, ಮಿರಜ ಕಡೆ ವಿಮಾನ ನಿಲ್ದಾಣದ ಮಾತು ಬರುತ್ತದೆ. ಬರಲಿ, ಅದೂ ಬೇಕು. ಆದರೆ ಈ ಸೀಮೆಯನ್ನು ಸಾಕಿದ ಬೆಳೆಗೊಂದು ಒಳ್ಳೆಯ ಪ್ರಯೋಗಾಲಯ ಬೇಕೆಂಬ ಮಾತು ಯಾವ ಸಭೆಯಲ್ಲೂ ನಮ್ಮ ಕಿವಿಗೆ ಬಿದ್ದಿಲ್ಲ.

ಸಾಂಗ್ಲಿ ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸಾಂಗ್ಲಿ ಪಕ್ಕದ ಹರಿಪುರದ ಹಗೇವುಗಳಲ್ಲಿ ಅದನ್ನು ಹುಳ ಹತ್ತದಂತೆ ಕಾಯ್ದಿಟ್ಟ ಜಾಣ್ಮೆ ಅದಕ್ಕಿಂತ ಎಷ್ಟೋ ಹಳೆಯದು. ಅರಿಸಿನದಿಂದ ಗಾಯ ಮಾಯುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆಯಿತು. ರಘುನಾಥ ಮಾಶೇಲಕರ ಅವರ ಮುಂದಾಳುತನದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ, 1997ರಲ್ಲಿ ರದ್ದು ಮಾಡಿಸಿತು. ಅಜ್ಜಿ ಹಚ್ಚುತ್ತಿದ್ದಳು ಎಂದರೆ ಪೇಟೆಂಟ್ ಕಚೇರಿ ಕೇಳುವುದಿಲ್ಲ. ಬರೆದ ದಾಖಲೆ ಬೇಕು. ಮುಂದಿಟ್ಟ ದಾಖಲೆಗಳಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾದ ಪ್ರಬಂಧವೂ ಇತ್ತು. ನಾಲ್ಕು ದಶಕ ಕಪಾಟಿನಲ್ಲಿದ್ದ ಕಾಗದ ರೈತನ ಪರ ಸಾಕ್ಷಿ ನುಡಿಯಿತು.

ಇಂದು ಅಂಥ ಕಾಗದ ಹುಟ್ಟಬೇಕಾದದ್ದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ, ಅದರ ಕಾಲೇಜುಗಳಲ್ಲಿ, ರಾಹುರಿ ಕೃಷಿ ವಿದ್ಯಾಪೀಠದ ಕಸಬೆ ದಿಗ್ರಜ ಕೇಂದ್ರದಲ್ಲಿ. 2020-21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64ರಷ್ಟು ಮಾತ್ರ. 2023ರ ಕಾಯ್ದೆಯಿಂದ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ಎಂದರು. ಅದರಲ್ಲಿ 36,000 ಕೋಟಿ ಕಂಪನಿಗಳು, ದಾನಿಗಳಂಥ ಸರ್ಕಾರೇತರ ಮೂಲಗಳಿಂದ ಬರಬೇಕು. ಗಡ್ಡೆಕೊಳೆ ರೋಗಕ್ಕೆ ಯಾವ ಕಂಪನಿ ರೊಕ್ಕ ಕೊಟ್ಟೀತು?

ಆ ರೋಗ ಕಂಡವರಿಗೆ ಗೊತ್ತು. ಮಳೆನೀರು ನಿಂತ ಹೊಲದಲ್ಲಿ ಎಲೆಯ ಅಂಚು ಹಳದಿಯಾಗುತ್ತದೆ, ಬುಡ ಮೆತ್ತಗಾಗುತ್ತದೆ, ಹಿಡಿದೆಳೆದರೆ ಗಿಡ ಸುಲಭವಾಗಿ ಕೈಗೆ ಬರುತ್ತದೆ. ಗಡಿಯಾಚೆ ಕರ್ನಾಟಕದ ರಾಯಬಾಗ, ಮೂಡಲಗಿಯ ಹೊಲಗಳಿಗೂ ಇದೇ ಕಾಟ. ಇದಕ್ಕೆ ಮದ್ದು ಹುಡುಕುವ ಪ್ರಯೋಗವೂ ಬೆಳೆಯ ಕಾಲಕ್ಕೇ ನಡೆಯಬೇಕು. ಮೇ, ಜೂನಿನಲ್ಲಿ ನೆಟ್ಟ ಅರಿಸಿನ ಕೀಳುವುದು ಒಂಬತ್ತು ತಿಂಗಳಿಗೆ. ಕುದಿಸಿ, ಒಣಗಿಸಿ, ಅದರ ಸತ್ವವಾದ ಕರ್ಕ್ಯುಮಿನ್ ಅಳೆಯುವ ಹೊತ್ತಿಗೆ ಮಾರ್ಚ್ 31 ದಾಟಿರುತ್ತದೆ. ಸರ್ಕಾರದ ಲೆಕ್ಕದ ವರ್ಷ ಅಂದೇ ಮುಗಿಯುತ್ತದೆ. ನಾಟಿಗೆ ಬೇಕಾದ ಹಣ ಫೆಬ್ರುವರಿಯಲ್ಲಿ ಬಂದರೆ ಆ ವರ್ಷದ ಪ್ರಯೋಗ ಕೆಟ್ಟಿತು, ಸಂಶೋಧನಾ ವಿದ್ಯಾರ್ಥಿಯ ಒಂದು ವರ್ಷವೂ ಅದರೊಡನೆ ಹೋಯಿತು.

ರಾಜ್ಯ ವಿಶ್ವವಿದ್ಯಾಲಯಗಳಿಗೆ ಸರ್ಕಾರದ ಬೊಕ್ಕಸದಿಂದಲೇ ಪ್ರತ್ಯೇಕ ಪಾಲು ಇಡಬೇಕು. ಕನಿಷ್ಠ ಮೂರು ಬೆಳೆಗೆ ಸಾಲುವ ಹಣವನ್ನು ಒಮ್ಮೆಗೇ ಮಂಜೂರು ಮಾಡಿ, ಉಳಿದದ್ದನ್ನು ಮಾರ್ಚಿನಲ್ಲಿ ವಾಪಸು ಕೇಳದೆ, ಬಿತ್ತನೆಯ ಗಡ್ಡೆ ನೆಲಕ್ಕಿಳಿಯುವ ಮುಂಚೆ ಖಾತೆಗೆ ಹಾಕಬೇಕು. ಮುಂದಿನ ಸಲ ಕವಲಾಪುರಕ್ಕೆ ವಿಮಾನದ ಭರವಸೆ ಹೊತ್ತು ಬರುವವರ ಮುಂದೆ ರೈತರು ಈ ಬೇಡಿಕೆಯನ್ನೂ ಇಡಲಿ.