ಬೋರ್ಡು ನೋಡಿದ್ದಾಯ್ತು, ತೂಕ ಎಲ್ಲಿ?

ಅಣ್ಣತಮ್ಮಂದಿರು ಪಾಲಾದಾಗ ಅಂಗಡಿಯ ಬೋರ್ಡಿಗಾಗಿ ಜಗಳವಾಗುವುದು ಪೇಟೆಗೆ ಹೊಸದಲ್ಲ. 1999ರಲ್ಲಿ ಜನತಾದಳದಲ್ಲೂ ಆದದ್ದು ಅದೇ. ಜೆ.ಎಚ್. ಪಟೇಲರ ಬಣ ಬಿಜೆಪಿ ಕೂಟದ ಕಡೆ ಹೊರಟಿತು, ದೇವೇಗೌಡರು ಒಲ್ಲೆ ಎಂದರು. ಅಸಲಿ ದಳ ನಮ್ಮದೇ ಎಂದು ಇಬ್ಬರೂ ಪಟ್ಟು ಹಿಡಿದರು. ಚುನಾವಣಾ ಆಯೋಗ ಚಕ್ರದ ಗುರುತಿಗೆ ಬೀಗ ಜಡಿದು, ಹೆಸರಿಗೆ ಒಂದೊಂದು ಬಾಲ ಕಟ್ಟಿತು. ಒಂದು ಸಂಯುಕ್ತ, ಇನ್ನೊಂದು ಜಾತ್ಯತೀತ.

ಲಾಭವೇನಾಯ್ತು? 1994ರಲ್ಲಿ 115 ಸ್ಥಾನ ಗೆದ್ದಿದ್ದ ದಳಕ್ಕೆ 1999ರಲ್ಲಿ ಎರಡೂ ಬಣ ಸೇರಿ ಸಿಕ್ಕಿದ್ದು 28!

ಬಿಜೆಪಿ ಸಂಗ ಬೇಡವೆಂದು 'ಜಾತ್ಯತೀತ' ಬೋರ್ಡು ಹಾಕಿಕೊಂಡವರೇ 2006ರಲ್ಲಿ ಅದರ ಜೊತೆ ಸರ್ಕಾರ ಮಾಡಿದರು. 2023ರ ಸೆಪ್ಟೆಂಬರಿನಲ್ಲಿ ಮತ್ತೆ ಕೈ ಹಿಡಿದರು. ಅಸಲಿ ದಳ ನಮ್ಮದು ಎಂದ ರಾಜ್ಯಾಧ್ಯಕ್ಷ ಇಬ್ರಾಹಿಂ ಅವರ ಕುರ್ಚಿಯೇ ಹೋಯಿತು.

ನಮ್ಮ ಮತದಾರ ಮಾತ್ರ ಬೋರ್ಡಿಗೆ ಮರುಳಾಗಿ ಕೂತಿಲ್ಲ. 2018ರಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ದಳಕ್ಕೆ ಕೊಟ್ಟ. 2023ರ ಮೇನಲ್ಲಿ ಶ್ರೀರಂಗಪಟ್ಟಣ, ನಾಗಮಂಗಲ ಕಾಂಗ್ರೆಸ್ಸಿಗೆ, ಪಾಂಡವಪುರ ಸೇರಿದ ಮೇಲುಕೋಟೆ ಕ್ಷೇತ್ರ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಹೋದವು. ದಳಕ್ಕೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಮರುವರ್ಷ ಲೋಕಸಭೆಗೆ ಅದೇ ಮತದಾರ ಕುಮಾರಸ್ವಾಮಿಯವರನ್ನು ಗೆಲ್ಲಿಸಿ ಕಳಿಸಿದ.

ಹೆಸರು ಯಾರದೆಂದು ಆಯೋಗ ತೀರ್ಮಾನಿಸಲಿ. ನಾಲೆಯ ಕೊನೆಗೆ ನೀರು, ಕಬ್ಬಿಗೆ ಹೊತ್ತಿಗೆ ಸರಿಯಾಗಿ ದುಡ್ಡು, ಹಳ್ಳಿಗೆ ಬಸ್ಸು, ಇವು ಜನ ಕೇಳುವ ಸರಕು. ಗಿರಾಕಿ ಬೋರ್ಡು ಓದಿ ಒಂದು ಸಲ ಬಂದಾನು. ತೂಕ ಸರಿಯಿಲ್ಲದಿದ್ದರೆ ಎದುರಂಗಡಿ ಇದ್ದೇ ಇದೆ.